ಎದ್ದರೆ ಆರುವ ಪರದೆ

"ಅಕ್ಕಾ, ನಾನು ಕುರ್ಚಿಯಿಂದ ಎದ್ರೆ ಕಂಪ್ಯೂಟರ್ ಆಫ್ ಆಗುತ್ತೆ."

ಆಕೆ ಫೋನಿನಲ್ಲಿ ಹೇಳಿದ ಮೊದಲ ಮಾತೇ ಇದು. ನಂಜನಗೂಡಿನ ನನ್ನ ರಿಪೇರಿ ಅಂಗಡಿಯಲ್ಲಿ ಕೂತು ಪ್ರಿಂಟರೊಂದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಚಿಮಟದಲ್ಲಿ ಎಳೆಯುತ್ತಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ, "ಕಾಲಿಗೆ ವೈರು ತಗಲ್ತಿರಬೇಕು, ನೋಡಮ್ಮ" ಅಂದೆ.

"ನೋಡಿದೀನಿ. ವೈರೆಲ್ಲ ಗೋಡೆ ಕಡೆಗಿದೆ. ಏನೂ ತಗಲಲ್ಲ. ನಾನು ಎದ್ದು ನಿಂತ್ರೆ ಸಾಕು, ಅಷ್ಟೇ."

ಗಿರಾಕಿಗಳು ಹೇಳುವ ಲಕ್ಷಣವನ್ನು ನಾನು ಅರ್ಧಕ್ಕರ್ಧ ಕಳೆದು ಕೇಳುತ್ತೇನೆ. 'ಆಫ್ ಆಗುತ್ತೆ' ಅಂದರೆ ಪರದೆ ಮಾತ್ರ ಕಪ್ಪಾಗುತ್ತದೋ, ಇಡೀ ಯಂತ್ರವೇ ನಿಲ್ಲುತ್ತದೋ ಎಂದು ಕೇಳಿದೆ. ಒಮ್ಮೊಮ್ಮೆ ಪರದೆ ಕಪ್ಪಾಗಿ ತಾನೇ ವಾಪಸ್ ಬರುತ್ತದೆ, ಒಮ್ಮೊಮ್ಮೆ 'ಟುಡುಂ' ಎಂದು ಸದ್ದಾಗಿ ಕ್ಯಾಮೆರಾವೂ ಮೈಕೂ ಸಂಪರ್ಕ ಕಳೆದುಕೊಳ್ಳುತ್ತವೆ, ಎರಡು ಸಲ ಯಂತ್ರವೇ ಆರಿ ಮತ್ತೆ ಹತ್ತಿಕೊಂಡಿದೆ ಎಂದಳು. ಹೇಳುವ ರೀತಿ ಸ್ಪಷ್ಟವಾಗಿತ್ತು. ಗಣಿತದ ಟೀಚರ್ ಎಂದು ಆಮೇಲೆ ಗೊತ್ತಾಯಿತು.

ಮನೆ ಟಿ. ನರಸೀಪುರದಲ್ಲಿ. ಮದುವೆಯಾದ ಮೇಲೆ ಶಾಲೆಯ ಕೆಲಸ ಬಿಟ್ಟಿದ್ದಳು. ಈಗ ಆನ್‌ಲೈನಿನಲ್ಲಿ ಪಾಠ ಮಾಡಿಸುವ ಒಂದು ಸಂಸ್ಥೆ ಅವಳನ್ನು ಕೆಲವು ದಿನ ನೋಡಿ ಕಾಯಂ ಮಾಡುತ್ತೇವೆಂದು ತೆಗೆದುಕೊಂಡಿತ್ತು. ಗಂಡ ಅಕ್ಕಿ ಗಿರಣಿಗೆ, ಮಾವ ಜಮೀನಿಗೆ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಕೂತು ಪಾಠ ಮಾಡುತ್ತಿದ್ದಳು. ಬೆನ್ನ ಹಿಂದೆ ಒಂದು ಬಿಳಿ ಬೋರ್ಡು. ಲೆಕ್ಕ ಬಿಡಿಸಿ ತೋರಿಸಲು ಏಳಬೇಕು. ಎದ್ದರೆ ಪಾಠವೇ ಕತ್ತರಿಸಿಹೋಗುತ್ತಿತ್ತು. ಮಕ್ಕಳ ತಾಯ್ತಂದೆಯರು ಸಂಸ್ಥೆಗೆ ದೂರು ಕೊಟ್ಟಿದ್ದರು.

ಬಸ್ಸಿಗೆ ಕಾಯುತ್ತ ಕೂತರೆ ಅರ್ಧ ದಿನ ಅಲ್ಲೇ ಹೋಗುತ್ತದೆಂದು ನಾನು ಸ್ಕೂಟರಿನಲ್ಲೇ ಹೋದೆ. ಶಿವರಾತ್ರಿ ಕಳೆದಿತ್ತು. ಗದ್ದೆ ಬಯಲಿನ ಮೇಲೆ ಒಣಗಾಳಿ ಬೀಸುತ್ತಿತ್ತು, ತುಟಿ ಬಿರಿಯುವಂಥದ್ದು.

ಕೋಣೆ ಅಚ್ಚುಕಟ್ಟಾಗಿತ್ತು. ಮೇಜು, ಚಕ್ರದ ಕುರ್ಚಿ, ಕೆಳಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಚಾಪೆ. ಕುರ್ಚಿ ಹೊಸದು, ಗುಂಡಿ ಒತ್ತಿದರೆ ಮೇಲೆ ಕೆಳಗೆ ಹೋಗುವಂಥದ್ದು. ಕೆಲಸ ಸಿಕ್ಕ ಖುಷಿಗೆ ಗಂಡ ತಂದುಕೊಟ್ಟಿದ್ದನಂತೆ. ಆಕೆ ಹತ್ತಿಯ ನೈಟಿಯ ಮೇಲೊಂದು ಟವೆಲು ಹೊದ್ದು ನನಗೆ ಕಾಫಿ ತಂದಳು. ಕೂತು ಎದ್ದು ತೋರಿಸು ಎಂದೆ. ಕೂತಳು, ಎದ್ದಳು. ಏನೂ ಆಗಲಿಲ್ಲ. ಮತ್ತೆ ಕೂತು ಎದ್ದಳು. ಪರದೆ ಶಾಂತವಾಗಿ ಉರಿಯುತ್ತಲೇ ಇತ್ತು. ಆಕೆಯ ಮುಖ ಕೆಂಪಾಯಿತು.

"ನಿಜವಾಗ್ಲೂ ಅಕ್ಕ, ಕ್ಲಾಸ್ ಹೊತ್ತಲ್ಲಿ ಪ್ರತಿಸಲ ಆಗುತ್ತೆ."

ನಾನೂ ಕೂತು ಎದ್ದೆ. ನನ್ನದು ಕಾಟನ್ ಚೂಡಿದಾರ. ಏನೂ ಆಗಲಿಲ್ಲ. ಆಗ ಇದನ್ನೆಲ್ಲ ಗಮನಿಸಿರಲಿಲ್ಲ, ಈಗ ಬರೆಯುವಾಗ ಬಟ್ಟೆಯ ಹೆಸರು ತಾನಾಗಿ ಬರುತ್ತಿದೆ.

ಆಕೆಯ ಅತ್ತೆ ಬಾಗಿಲಲ್ಲಿ ನಿಂತು ಸೊಪ್ಪು ಬಿಡಿಸುತ್ತಿದ್ದರು. "ಅದ್ಕೂ ನಮ್ ಸೊಸೇಗೂ ಆಗ್ಬರಾಕಿಲ್ಲ ಕಣವ್ವ" ಅಂದರು. "ಇವ್ಳು ಬಂದ್ ವರ್ಸ ಟೀವಿ ಕೆಟ್ಟೋಯ್ತು. ಆಮೇಲ್ ಮಿಕ್ಸಿ." ದ್ವೇಷದಿಂದ ಆಡಿದ ಮಾತಲ್ಲ. ಯಾರಿಗೋ ಬದನೆಕಾಯಿ ಮೈಗೆ ಒಗ್ಗುವುದಿಲ್ಲ ಎಂದು ಹೇಳುವ ಹಾಗೆ ಹೇಳಿದರು. ಸೊಸೆ ನೆಲ ನೋಡುತ್ತಿದ್ದಳು.

ಅವತ್ತು ಸಿಪಿಯು ಬಿಚ್ಚಿ ಧೂಳು ಊದಿದೆ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಪರದೆಗೆ ಹೋಗುವ ಕೇಬಲ್ ಬದಲಿಸಿ ನನ್ನ ಚೀಲದಲ್ಲಿದ್ದ ಇನ್ನೊಂದನ್ನು ಹಾಕಿದೆ. ಅದೂ ಅದರಷ್ಟೇ ತೆಳ್ಳಗಿನ ಅಗ್ಗದ ಕೇಬಲ್ಲು. ಕಾರಣ ಹುಡುಕದೆ ಎಲ್ಲವನ್ನೂ ಒಮ್ಮೆ ಬಿಗಿ ಮಾಡಿ ಬರುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ಹತ್ತರಲ್ಲಿ ಏಳು ಸಲ ಅದರಿಂದಲೇ ಸರಿಹೋಗುತ್ತದೆ.

ಮಾರನೆಯ ಸಂಜೆ ಫೋನು. ಆಕೆ ಏನನ್ನೂ ವಿವರಿಸಲಿಲ್ಲ. "ಮತ್ತೆ ಆಯ್ತಕ್ಕ" ಅಂದಳು.

ಸಿಪಿಯುವನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಅಂಗಡಿಗೆ ತಂದೆ. ಬೆಳಗ್ಗೆ ಹಚ್ಚಿದರೆ ಬೀಗ ಹಾಕುವವರೆಗೆ ಓಡಿಸಿದೆ. ವಿಡಿಯೋ, ಆಟ, ಆಕೆ ಪಾಠಕ್ಕೆ ಬಳಸುವ ಅದೇ ತಂತ್ರಾಂಶ, ಎಲ್ಲ ಹಾಕಿ ನೋಡಿದೆ. ಒಂದು ಸಲವೂ ಮಿಸುಕಲಿಲ್ಲ. ಕೊನೆಗೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಅನುಮಾನಪಟ್ಟು ಹೊಸದು ಹಾಕಿದೆ. ತಿರುಗಿ ಒಯ್ದು ಕೂರಿಸುವ ದಿನ ಅಕಾಲದ ಮಳೆ ಶುರುವಾಗಿತ್ತು. ನಾನು ನೆನೆದುಕೊಂಡೇ ಅವರ ಮನೆ ತಲುಪಿದೆ.

ಆ ವಾರವೆಲ್ಲ ಮೋಡ, ಹನಿ, ತಂಪು. ಆಕೆಯ ಪಾಠಗಳು ತೊಂದರೆಯಿಲ್ಲದೆ ನಡೆದವು. "ಅಕ್ಕಾ, ನೀವು ಬಂದ್ಮೇಲೆ ಒಂದ್ಸಲಾನೂ ಇಲ್ಲ!" ಎಂದು ಫೋನು ಮಾಡಿದಳು. ನಾನು ಎಸ್‌ಎಂಪಿಎಸ್‌ಗೆ ಮನಸ್ಸಿನಲ್ಲೇ ಕೈಮುಗಿದು ಬೇರೆ ಕೆಲಸಕ್ಕೆ ಹೊರಳಿದೆ.

ಮಳೆ ಹೊಳವಾಯಿತು, ಬಿಸಿಲು ಏರಿತು, ಕಾಯಿಲೆ ವಾಪಸ್ ಬಂತು. ನನಗೆ ಅದು ಹೊಳೆಯಲಿಲ್ಲ. ಮಳೆಗೂ ಕಂಪ್ಯೂಟರಿಗೂ ಸಂಬಂಧ ಕಲ್ಪಿಸಲು ಯಾರಿಗೆ ತೋಚೀತು?

ಪಾಠ ನಡೆಯುವಾಗ ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ಕಳಿಸು ಎಂದೆ. ಕಳಿಸಿದಳು. ಇಸ್ತ್ರಿ ಮಾಡಿದಂತಿದ್ದ ನೀಲಿ ಸೀರೆ ಉಟ್ಟು ಆಕೆ ಪಾಠ ಮಾಡುತ್ತಿದ್ದಾಳೆ. ಎಡಗೈಯಲ್ಲಿ ಮಾರ್ಕರ್ ಹಿಡಿದು ಏಳುತ್ತಾಳೆ. ಕೈ ಮೇಜಿಗೆ ತಗಲಿಲ್ಲ, ಕಾಲು ವೈರಿಗೆ ತಗಲಿಲ್ಲ. ಅವಳು ನೆಟ್ಟಗೆ ನಿಲ್ಲುವಷ್ಟರಲ್ಲಿ ಮೇಜಿನ ಮೇಲೆ ಪರದೆ ಕಪ್ಪು. ಆ ತುಣುಕನ್ನು ಎಷ್ಟು ಸಲ ನೋಡಿದೆನೋ. ನೋಡಿದಷ್ಟೂ ತಲೆ ಕೆಡುತ್ತಿತ್ತು. ಯಾರೂ ಮುಟ್ಟದ ವಸ್ತು, ಒಬ್ಬಳು ಎದ್ದಳೆಂಬ ಕಾರಣಕ್ಕೆ ಆರುವುದು ಹೇಗೆ? ಪಾಠದ ಹೊತ್ತಲ್ಲೇ ಆಗುತ್ತದೆಂದರೆ ತಂತ್ರಾಂಶದ ದೋಷವೆನ್ನಬಹುದು. ಆದರೆ ಅವಳು ಎದ್ದದ್ದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ?

ತಿಳಿಯದಿದ್ದಾಗ ಮಾಡುವುದನ್ನೆಲ್ಲ ಮಾಡಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಕ್ಯಾಮೆರಾ ಬದಲಿಸಿದೆ. ನನ್ನ ಅಂಗಡಿಯ ಪರದೆಯನ್ನೇ ಒಯ್ದು ಜೋಡಿಸಿ ಬಂದೆ, ಅದೂ ಆರಿತೆಂದು ಫೋನು ಬಂತು. ನೆಲದ ಅದುರು ಇರಬಹುದೆಂದು ಮೇಜಿನ ಕಾಲಡಿ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ಆ ಮನೆಗೆ ಹೋದಾಗೆಲ್ಲ ಒಂದಲ್ಲ ಒಂದು ಕಾರಣಕ್ಕೆ ನನ್ನ ಕಣ್ಣೆದುರು ಆಗುತ್ತಲೇ ಇರಲಿಲ್ಲ. ನಾನು ಬಂದೆನೆಂದರೆ ಪಾಠ ಮುಗಿದಿರುತ್ತಿತ್ತು, ಆಕೆ ನೈಟಿ ಹಾಕಿಕೊಂಡಿರುತ್ತಿದ್ದಳು.

ಒಮ್ಮೆ ಸಿಪಿಯುವಿನ ತಗಡು ಮುಟ್ಟಿದಾಗ ಬೆರಳು ಜುಮ್ಮೆಂದಿತು. ಮಲ್ಟಿಮೀಟರ್ ಹಿಡಿದು ನೋಡಿದರೆ ಅರ್ಥಿಂಗ್ ಸರಿಯಿಲ್ಲ. ಅಂದರೆ ಬೇಡದ ಕರೆಂಟು ನೆಲಕ್ಕೆ ಇಳಿದುಹೋಗಲು ಆ ಮನೆಯಲ್ಲಿ ದಾರಿಯೇ ಇರಲಿಲ್ಲ. ಊರಿನ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ನೋಡಿದ. "ಒಣಗೋಗದೆ ಕಣಕ್ಕೋ. ಒಂದೆರಡ್ ಬಿಂದ್ಗೆ ನೀರ್ ಉಯ್ದು ನೋಡನ" ಅಂದ. ಉಯ್ದೆವು. ಒಂದು ದಿನ ಕಡಿಮೆಯಾಯಿತು, ಆಮೇಲೆ ಅದೇ ಕತೆ. ಗುಂಡಿ ಅಗೆದು ಹೊಸದಾಗಿ ಮಾಡಬೇಕು, ವಾರ ಬಿಟ್ಟು ಬರುತ್ತೇನೆ ಎಂದು ಹೋದ.

ಆ ದಿನ ಆಕೆ ನನ್ನನ್ನು ಗೇಟಿನವರೆಗೆ ಬಿಡಲು ಬಂದಳು.

"ಅಕ್ಕಾ, ಒಂದ್ ಮಾತು ಹೇಳ್ಲಾ? ನಗಬೇಡಿ. ನಂಗೇ ಏನೋ ಇದೆ ಅನ್ಸುತ್ತೆ."

"ಏನಿದೆ?"

"ಚಿಕ್ಕವಳಿದ್ದಾಗಿಂದ್ಲೂ ನನ್ ಕೈಗೆ ಮಿಷಿನ್ ಆಗಿ ಬರಲ್ಲ. ಮಾವ ಕೂತ್ರೆ ಆಗಲ್ಲ, ನಮ್ ಮನೆಯೋರು ಕೂತ್ರೆ ಆಗಲ್ಲ, ನೀವು ಕೂತ್ರೂ ಆಗಲ್ಲ. ನಾನು ಎದ್ರೆ ಮಾತ್ರ ಯಾಕೆ?"

ನಾನು ನಗಲಿಲ್ಲ. ನಾಳಿದ್ದು ಸಂಸ್ಥೆಯವರೊಬ್ಬರು ಪಾಠದಲ್ಲಿ ಕೂತು ನೋಡುತ್ತಾರೆ, ಅವತ್ತೂ ಹೀಗೇ ಆದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದಳು. "ಬೇರೆ ಯಾರಾದ್ರೂ ದೊಡ್ಡ ಟೆಕ್ನಿಷಿಯನ್ನ ಮೈಸೂರಿಂದ ಕರೆಸಮ್ಮ. ನಂಗೆ ಗೊತ್ತಾಗ್ತಿಲ್ಲ" ಅಂದೆ. ಆಕೆ ತಲೆ ಅಲ್ಲಾಡಿಸಿದಳು. "ಇಷ್ಟ್ ದಿನ ನೀವೊಬ್ರೇ ನಾನು ಹೇಳಿದ್ದನ್ನ ಸುಳ್ಳು ಅನ್ನದೆ ಕೇಳಿದ್ದು. ಇನ್ನೊಬ್ಬರ ಹತ್ರ ಮೊದಲಿಂದ ಹೇಳೋಕೆ ಆಗಲ್ಲ."

ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಿತ್ತು. ನಿಜ ಹೇಳಬೇಕೆಂದರೆ ನಾನೂ ಅವಳನ್ನು ಪೂರ್ತಿ ನಂಬಿರಲಿಲ್ಲ. ಅವಳು ಹೇಳಿದ್ದು 'ಎದ್ದರೆ ಆರುತ್ತೆ' ಅಂತ. ನಾನು ಇಷ್ಟು ದಿನ 'ಆರುತ್ತೆ' ಎಂಬುದನ್ನು ಹಿಡಿದು ಯಂತ್ರ ಬಿಚ್ಚಿದ್ದೆನೇ ಹೊರತು 'ಎದ್ದರೆ' ಎಂಬುದನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಇನ್ನು ಸ್ಕ್ರೂ ಡ್ರೈವರ್ ಮುಟ್ಟುವುದಿಲ್ಲ, ಸುಮ್ಮನೆ ಹೋಗಿ ಒಂದು ಪಾಠದ ಹೊತ್ತು ಪೂರ್ತಿ ಆ ಕೋಣೆಯಲ್ಲಿ ಕೂತು ಅವಳನ್ನೇ ನೋಡುತ್ತೇನೆ ಎಂದು ತೀರ್ಮಾನಿಸಿದೆ.

ಮಾರನೆಯ ದಿನ ಬಿಳಿಗೆರೆಯಲ್ಲಿ ನೆಂಟರ ಮಗುವಿನ ನಾಮಕರಣ. ಊಟ ಮುಗಿಸಿ, ಬಟ್ಟೆ ಬದಲಿಸಲೂ ಮನೆಗೆ ಹೋಗದೆ, ಉಟ್ಟಿದ್ದ ಜರಿಯಂಚಿನ ನಯವಾದ ಸೀರೆಯಲ್ಲೇ ನರಸೀಪುರಕ್ಕೆ ಹೋದೆ. ರೇಷ್ಮೆಯಂತೆ ಹೊಳೆಯುವ, ರೇಷ್ಮೆಯಲ್ಲದ ಸೀರೆ. ಪಾಠಕ್ಕಿನ್ನೂ ಹೊತ್ತಿತ್ತು. ಆಕೆ ಸೀರೆ ಉಡಲು ಒಳಗೆ ಹೋದಳು. ನಾನು ಅವಳ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಹಚ್ಚಿ ಸುಮ್ಮನೆ ಪರದೆ ನೋಡುತ್ತಿದ್ದೆ. ಅತ್ತೆ ಕಾಫಿ ತಂದರು. ದೊಡ್ಡವರೆಂದು ಲೋಟ ತೆಗೆದುಕೊಳ್ಳಲು ಎದ್ದೆ.

'ಟುಡುಂ.'

ಹಿಂತಿರುಗಿ ನೋಡಿದರೆ ಪರದೆ ಕಪ್ಪು.

ಲೋಟ ನನ್ನ ಕೈಯಲ್ಲೇ ಇತ್ತು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ನಿಂಗೂ ಆಯ್ತಲ್ಲವ್ವಾ!" ಅಂದರು. ಭಯವೋ ಬೆರಗೋ ಗೊತ್ತಾಗಲಿಲ್ಲ. ಆ ಹುಡುಗಿಯ ಕಾಯಿಲೆ ನನಗೆ ಅಂಟಿತೇನೋ ಎನ್ನುವಂಥ ಪೆದ್ದು ಯೋಚನೆ ನನ್ನ ತಲೆಯಲ್ಲೂ ಬಂದು ಹೋಯಿತು.

ಪರದೆ ವಾಪಸ್ ಬಂತು. ಕೂತು ಸ್ವಲ್ಪ ಅತ್ತಿತ್ತ ಸರಿದು ಎದ್ದೆ. ಆರಿತು. ಇನ್ನೊಂದು ಸಲ. ಆರಿತು. ಸೊಸೆ ನೆರಿಗೆ ಹಿಡಿದುಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತಳು.

ಇಷ್ಟು ದಿನ ಆಗದ್ದು ಇವತ್ತು ಯಾಕೆ? ನಾನು ಅದೇ ನಾನು. ಬದಲಾದದ್ದೇನು? ಕೆಳಗೆ ನೋಡಿಕೊಂಡೆ. ಸೀರೆ ಕಾಲಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಚಿಟಿಚಿಟಿ ಎಂದಿತು.

"ಅವ್ವಾ, ನಿಮ್ದೊಂದು ನೂಲಿನ ಸೀರೆ ಕೊಡಿ" ಎಂದು ಕೇಳಿದೆ. ಅವರು ಏನು ಎತ್ತ ಕೇಳದೆ ತಂದುಕೊಟ್ಟರು. ಒಳಗೆ ಹೋಗಿ ಉಟ್ಟು ಬಂದು ಅದೇ ಕುರ್ಚಿಯಲ್ಲಿ ಕೂತು ಎದ್ದೆ. ಆರಲಿಲ್ಲ. ಮತ್ತೆ ನನ್ನ ಸೀರೆ ಉಟ್ಟು ಬಂದೆ. ಆರಿತು. ಅದೇ ಸೀರೆಯಲ್ಲಿ ಅಡಿಗೆಮನೆಯ ಮರದ ಕುರ್ಚಿ ಹಾಕಿ ಕೂತು ಎದ್ದೆ. ಆರಲಿಲ್ಲ.

ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಕೂದಲು ಎದ್ದು ನಿಂತು ಚಟಚಟ ಎನ್ನುವುದಿಲ್ಲವೇ, ಅದೇ ಇದು. ನಯವಾದ ಸೀರೆ ಆ ಕುರ್ಚಿಯ ಮೆತ್ತೆಗೆ ಉಜ್ಜಿ ಉಜ್ಜಿ ಮೈಯಲ್ಲಿ ವಿದ್ಯುತ್ತು ಸೇರುತ್ತದೆ. ಎದ್ದ ಕ್ಷಣ ಕುರ್ಚಿಯ ಕಬ್ಬಿಣದ ಕಂಬದಲ್ಲೆಲ್ಲೋ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ತೆಳ್ಳಗಿನ ಕೇಬಲ್ಲು ಆ ಏಟನ್ನು ಹಿಡಿದುಕೊಂಡು ಪರದೆಗೂ ಕ್ಯಾಮೆರಾಕ್ಕೂ ಮುಟ್ಟಿಸುತ್ತದೆ. ಅರ್ಥಿಂಗ್ ಬೇರೆ ಸತ್ತಿತ್ತು. ಗಾಳಿ ಒಣಗಿದ್ದರೆ ಜಾಸ್ತಿ, ಮಳೆ ಬಂದರೆ ಇಲ್ಲ. ಅವಳೂ ಇಂಥ ನಯವಾದ ಸೀರೆ ಉಡುತ್ತಿದ್ದದ್ದು ಪಾಠದ ಹೊತ್ತಿಗೆ ಮಾತ್ರ. ಅಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದೆ. ಯಾವ್ಯಾವುದೋ ದೇಶದವರು 'ಕುರ್ಚಿಯಿಂದ ಎದ್ದರೆ ನನ್ನ ಪರದೆ ಆರುತ್ತೆ, ನನಗೆ ಹುಚ್ಚು ಹಿಡಿದಿಲ್ಲ' ಎಂದು ಬರೆದುಕೊಂಡಿದ್ದರು. ನಮ್ಮಂಥವರೇ.

ನನ್ನ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಎಲ್ಲ ಕೇಳಿಸಿಕೊಂಡ ಆಕೆ ಸಣ್ಣ ದನಿಯಲ್ಲಿ ಅಂದಳು: "ಹಂಗಾದ್ರೆ ನನ್ ಮೈಯಿಂದ್ಲೇ ಆಗ್ತಿದ್ದಿದ್ದು ಅಂತಾಯ್ತು."

ಸುಳ್ಳಲ್ಲ. ಅತ್ತೆಯೂ "ನಾ ಯೋಳ್ನಿಲ್ವಾ" ಎಂಬಂತೆ ತಲೆ ಆಡಿಸುತ್ತಿದ್ದರು. ಕಾರಣ ಹುಡುಕಿದ ಖುಷಿಯಲ್ಲಿ ನಾನು ಆ ಮನೆಯ ಅನುಮಾನಕ್ಕೆ ಪುರಾವೆ ಒದಗಿಸಿದ್ದೆ. ಇದನ್ನು ಬಾಯಿಮಾತಿನಲ್ಲಿ ಬಿಡಿಸಲು ಹೋದರೆ ಇನ್ನೂ ಗಂಟಾಗುತ್ತದೆ ಅನ್ನಿಸಿತು.

"ಅವ್ವಾ, ನೀವೊಂದ್ಸಲ ಕೂತ್ಕೊಳಿ."

"ಅಯ್ಯ, ನಾನ್ಯಾಕವ್ವ? ನಂಗೇನ್ ಆದದು?"

"ಕೂತ್ಕೊಳಿ ಅಂತೀನಿ."

ಸೊಸೆಯ ಇನ್ನೊಂದು ನಯವಾದ ಸೀರೆ ತರಿಸಿ, ಅವರು ಉಟ್ಟಿದ್ದರ ಮೇಲೇ ಸುತ್ತಿ, ಚಕ್ರದ ಕುರ್ಚಿಯಲ್ಲಿ ಕೂರಿಸಿದೆವು. ಅವರು ನಾಚಿಕೊಂಡು ಅತ್ತಿತ್ತ ಹೊರಳಾಡಿದರು. ಆಮೇಲೆ ಎರಡೂ ಮೊಣಕಾಲಿನ ಮೇಲೆ ಕೈಯೂರಿ, "ಶಿವಾ" ಎನ್ನುತ್ತ ಎದ್ದರು.

'ಟುಡುಂ.'

ಅವರು ಕತ್ತು ತಿರುಗಿಸಿ ಕಪ್ಪು ಪರದೆಯನ್ನು ನೋಡಿದರು. ಪರದೆ ಹೊತ್ತಿಕೊಂಡ ಮೇಲೆ ಹೇಳದೆಯೇ ಮತ್ತೆ ಕೂತರು, ಎದ್ದರು. ಮತ್ತೆ ಆರಿತು.

"ಏಯ್, ನಂಗೂ ಆಯ್ತದೆ ಕಣೇ!" ಎಂದು ಸೊಸೆಯ ಕೈ ಹಿಡಿದುಕೊಂಡರು. ಮುಖದಲ್ಲಿ ಸಣ್ಣ ಹೆಮ್ಮೆಯೇ ಇತ್ತು. "ಬನ್ರೀ ಇಲ್ಲಿ! ಬಿರ್ನೆ ಬನ್ನಿ!" ಎಂದು ಆಗಷ್ಟೇ ಜಮೀನಿನಿಂದ ಬಂದು ಜಗುಲಿಯಲ್ಲಿ ಕೂತಿದ್ದ ಗಂಡನನ್ನು ಕೂಗಿ ಕರೆದು ಅವರ ಮುಂದೆಯೂ ಆರಿಸಿ ತೋರಿಸಿದರು. ಮಾವ ಮೊದಲಿಂದಲೂ ಬದನವಾಳಿನ ಖಾದಿ ಉಡುವವರು. ಅವರೂ ಕೂತು ಎದ್ದರು. ಏನೂ ಆಗಲಿಲ್ಲ. ಜೋರಾಗಿ ಎದ್ದರು, ಮೆಲ್ಲಗೆ ಎದ್ದರು. ಪರದೆ ಕಣ್ಣು ಮಿಟುಕಿಸಲಿಲ್ಲ. "ನಿಮ್ಗಾಗಾಕಿಲ್ಲ, ಬುಡಿ" ಎಂದು ಅತ್ತೆ ಅವರನ್ನು ಎಬ್ಬಿಸಿ ಕಳಿಸಿದರು. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಅಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಆ ಸಂಜೆಯ ಪಾಠವನ್ನು ಅವಳು ಏಳದೆಯೇ ಮುಗಿಸಿದಳು. ಮಾರನೆಯ ಬೆಳಗ್ಗೆ ಎಲೆಕ್ಟ್ರಿಷಿಯನ್ನನ್ನು ಹಿಡಿದು ತಂದು, ಗುಂಡಿ ಅಗೆಸಿ, ಇದ್ದಿಲು ಉಪ್ಪು ತುಂಬಿಸಿ ಹೊಸ ಅರ್ಥಿಂಗ್ ಮಾಡಿಸಿದೆ. ಒಳಗೆ ಲೋಹದ ಹೊದಿಕೆ ಇರುವ ದಪ್ಪ ಕೇಬಲ್ಲು ಹಾಕಿದೆ. ಚಕ್ರದ ಕುರ್ಚಿಯೂ ಪ್ಲಾಸ್ಟಿಕ್ ಚಾಪೆಯೂ ಹೊರಗೆ ಹೋದವು, ಮರದ ಕುರ್ಚಿ ಬಂತು, ಅದರ ಮೇಲೆ ಹತ್ತಿಯ ಟವೆಲು. ನಿಯಮದ ಪ್ರಕಾರ ಒಂದೊಂದನ್ನೇ ಬದಲಿಸಿ ಪರೀಕ್ಷೆ ಮಾಡಬೇಕು. ಹೊತ್ತಿರಲಿಲ್ಲ, ಎಲ್ಲವನ್ನೂ ಒಟ್ಟಿಗೇ ಮಾಡಿದೆ. ಹಾಗಾಗಿ ಅಸಲಿಗೆ ಯಾವುದರಿಂದ ಸರಿಹೋಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೊಂದು ದಿನ, ಒಂದೊಂದಾಗಿ ತೆಗೆದು ನೋಡೋಣವಾ ಎಂದು ಕೇಳಿದ್ದೆ. "ಬೇಡಕ್ಕ, ಕೈ ಮುಗೀತೀನಿ, ಮುಟ್ಟಬೇಡಿ" ಅಂದಳು.

ಸಂಸ್ಥೆಯವರು ನೋಡುವ ಪಾಠದ ಹೊತ್ತಿಗೆ ನಾನು ಹಜಾರದಲ್ಲಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಿದ್ದೆ. ಬಾಗಿಲ ಸಂದಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಪಾಠ ಚೆನ್ನಾಗಿ ನಡೆಯುತ್ತಿತ್ತು, ಆದರೆ ಅವಳು ಏಳುತ್ತಿರಲಿಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದಳು, ಬೆರಳಿನಿಂದ ಗಾಳಿಯಲ್ಲಿ ತ್ರಿಕೋನ ಬರೆಯುತ್ತಿದ್ದಳು. ಕೊನೆಗೆ ಒಂದು ಮಗುವಿನ ದನಿ ಸ್ಪೀಕರಿನಲ್ಲಿ ಕೇಳಿತು: "ಮಿಸ್, ಅರ್ಥ ಆಗ್ಲಿಲ್ಲ. ಬೋರ್ಡ್ ಮೇಲೆ ಬರೀರಿ ಮಿಸ್."

ಅವಳು ಮಾರ್ಕರ್ ತೆಗೆದುಕೊಂಡಳು. ಒಂದು ಕ್ಷಣ ಹಾಗೇ ಕೂತಿದ್ದಳು. ಅತ್ತೆ ನನ್ನ ಮಣಿಕಟ್ಟು ಹಿಡಿದರು, ಬಿಗಿಯಾಗಿ. ಅವಳು ಎದ್ದಳು.

ಸದ್ದಿಲ್ಲ. ಮಗುವಿನ ಪುಟ್ಟ ಮುಖ ಪರದೆಯ ಮೂಲೆಯಲ್ಲಿ ಹಾಗೇ ಇತ್ತು. ಅವಳು ಬೋರ್ಡಿನ ಕಡೆ ತಿರುಗಿ ಉದ್ದಕ್ಕೆ ಒಂದು ಗೆರೆ ಎಳೆದಳು. ಅತ್ತೆ ಒಲೆ ನೋಡಲು ಒಳಗೆ ಹೋದ ಮೇಲೂ ಅವಳು ಕೂರುತ್ತ ಏಳುತ್ತ ಪಾಠ ಮಾಡುತ್ತಲೇ ಇದ್ದಳು.

ಕೆಲಸ ಉಳಿಯಿತು ಎಂದು ಕೆಲವು ದಿನಗಳಾದ ಮೇಲೆ ಫೋನು ಮಾಡಿದಳು. ಆದರೆ ನನ್ನ ಮಟ್ಟಿಗೆ ಆ ಕೆಲಸ ಮುಗಿದದ್ದು ಅವತ್ತೇ. ಪಾಠ ಮುಗಿಸಿ ಅವಳು ಹಜಾರಕ್ಕೆ ಬಂದು ನೀರು ಕುಡಿಯುವಾಗ ಅತ್ತೆ ಕೇಳಿದರು.

"ಆರ್ತಾ?"

"ಇಲ್ಲ ಅತ್ತೆ."

"ಎಷ್ಟ್ ಕಿತ ಎದ್ದೆ?"

ಆಕೆ ಲೋಟ ಕೆಳಗಿಟ್ಟು ಯೋಚಿಸಿದಳು.

"ಗೊತ್ತಿಲ್ಲ ಅತ್ತೆ. ಲೆಕ್ಕ ಇಡ್ಲಿಲ್ಲ."